ಬಾಯಮ್ಮ ಬೈದ ವಿಯೆನ್ನಾ

ಜನ ವಿಯೆನ್ನಾ ನೋಡಲು ಹೋಗುತ್ತಾರೆ. ನನ್ನ ಗೆಳತಿ ಅದನ್ನು ಬೈಯಲು ಹೋದಳು. ವೀಸಾ ಮಾಡಿಸಿಕೊಂಡು, ಅಷ್ಟು ದೂರ ಹಾರಿ, ಬೈದು, ವಾಪಸ್ ಬಂದವರು ಬೇರೆ ಯಾರಾದರೂ ಇದ್ದರೆ ನನಗೆ ತಿಳಿಸಿ!

ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಬೈಗುಳ ನನಗೆ. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು, ಹಾಗಾಗಿ ನಮ್ಮ ಕಡೆಯ ರೂಢಿಯಂತೆ ನನಗೆ ಅವಳು ಬಾಯಮ್ಮ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ನನ್ನ ಮಗಳ ಫ್ಲಾಟಿನ ಎದುರು ಬಾಗಿಲು ಅವಳ ಮಗನದ್ದು. ಆದರೆ ನಮ್ಮ ಸ್ನೇಹ ಶುರುವಾದದ್ದು ಅಲ್ ಮೀನಾದ ಮೀನು ಮಾರ್ಕೆಟಿನಲ್ಲಿ. ನಾನು ಕೊಂಡ ಅಂಜಲ್ ಮೀನನ್ನು ನನ್ನ ಚೀಲದಿಂದಲೇ ಎಳೆದು, ಕಿವಿರು ಬಿಡಿಸಿ ನೋಡಿ, "ಇದು ಸತ್ತು ವರ್ಷಾಂತಿಕವೂ ಕಳೆದಿದೆ. ವಾಪಸ್ ಕೊಡು" ಎಂದಳು. ಕೊಟ್ಟೆ. ಕೊಡದಿದ್ದರೆ ಬಿಡುತ್ತಿದ್ದಳೇ?

ಈಚೆಗೆ ಅವಳ ಮಗನ ಕೆಲಸ ಹೋಯಿತು. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ, ಮಗನದ್ದು ಹೋದರೆ ತಾಯಿಯದ್ದೂ ಹೋಗುತ್ತದೆ. ಖಲಾಸ್. ಗಂಟು ಕಟ್ಟುವುದೇ. ಊರಿಗೆ ಹೋಗಲು ಬಾಯಮ್ಮನಿಗೆ ಬೇಸರವಿರಲಿಲ್ಲ. ಗಂಟಿನಲ್ಲಿ ಕಟ್ಟಲಾಗದ್ದು ಒಂದಿತ್ತು, ಗಂಡನ ಗೋರಿ. ನಮ್ಮವರು ಇಲ್ಲಿ ಸತ್ತರೆ ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಊರಿಗೆ ಕಳಿಸುವುದು ಕ್ರಮ. ಆ ಮನುಷ್ಯ ಸತ್ತದ್ದು ಕೊರೊನಾ ಕಾಲದಲ್ಲಿ. ಎಲ್ಲಿಯ ವಿಮಾನ? ಊರಾಚೆ ಮರಳಿನಲ್ಲಿ ಹೂತರು. ಅಂದಿನಿಂದ ವಾರವಾರ ಹೋಗಿ ಕಲ್ಲಿನ ಮೇಲಿನ ಮರಳು ಒರೆಸುವುದು ಇವಳ ಕೆಲಸ. ಒರೆಸದಿದ್ದರೆ ಹೆಸರು ಮುಚ್ಚಿಹೋಗುತ್ತದೆ. ಇನ್ನು ಒರೆಸುವವರು ಯಾರು?

ಕೆಲಸ ಹೋಗುವ ಮೊದಲೇ ಮಗ ತಾಯಿಯನ್ನು ಯುರೋಪ್ ಟೂರಿಗೆ ಹಾಕಿದ್ದ. ಜೊತೆಗೆ ನನ್ನನ್ನೂ. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲವೆಂದು ಹೊರಟೆವು.

ವಿಯೆನ್ನಾ ಎಂದರೆ ಏನೋ ಎಂದುಕೊಂಡಿದ್ದೆ. ನವೆಂಬರಿನ ಆಕಾಶ ಹಳೆಯ ಅಲ್ಯೂಮಿನಿಯಂ ಪಾತ್ರೆಯ ತಳದ ಹಾಗೆ ಕವುಚಿಕೊಂಡಿತ್ತು. ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಕತ್ತಲೆ. ಕಟ್ಟಡಗಳ ಮೇಲೆಲ್ಲ ಬಟ್ಟೆಯಿಲ್ಲದ ಕಲ್ಲಿನ ಗಂಡಸರು, ಆ ಚಳಿಯಲ್ಲಿ! ಕೆಳಗೆ ಕರಿ ಕೋಟಿನ ಜನ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

"ಎಲ್ಲರೂ ಒಂದೇ ಸಾವಿನ ಮನೆಗೆ ಹೊರಟ ಹಾಗುಂಟಲ್ಲ ಮಾರಾಯ್ತಿ!" ಎಂದಳು ಬಾಯಮ್ಮ.

ಮೊದಲ ದಿನ ಹೋಟೆಲಿನ ಬಾಗಿಲಿಗೆ ಬಂದವಳೇ ಸ್ವೆಟರ್ ಬಿಚ್ಚಿ, ಮಡಚಿ, ಚೀಲಕ್ಕೆ ತುರುಕಿ ಹೊರಗೆ ಕಾಲಿಟ್ಟಳು. ಅಬುಧಾಬಿಯಲ್ಲಿ ಸ್ವೆಟರ್ ಇರುವುದು ಒಳಗಿನ ಏಸಿಗೆ. ಹೊರಗೆ ಹೊರಡುವಾಗ ಬಿಚ್ಚುವುದು. ಅಷ್ಟು ವರ್ಷದ ಅಭ್ಯಾಸ, ಊರು ಬದಲಾಯಿತೆಂದು ಕೈಗೆ ಹೇಗೆ ಗೊತ್ತಾಗಬೇಕು? ಹಲ್ಲು ಕಟಕಟ.

"ಏಸಿಯನ್ನು ಬೀದಿಯಲ್ಲಿ ಇಟ್ಟದ್ದು ಯಾರು?" ಎಂದು ಕಿರುಚಿದಳು.

ನೀವು ತಡೆಯಲಿಲ್ಲವೇ ಎಂದು ಕೇಳುತ್ತೀರಾ? ನಾನೂ ಬಿಚ್ಚಿದ್ದೆ!

ಬೆಚ್ಚಗಾಗಲು ಕಾಫಿ ಅಂಗಡಿಗೆ ನುಗ್ಗಿದೆವು. ಟೈ ಕಟ್ಟಿದ ಮುದುಕನೊಬ್ಬ ಬೆಳ್ಳಿಯಂಥ ತಟ್ಟೆಯಲ್ಲಿ ಕರಿ ಕಾಫಿ, ಪಕ್ಕದಲ್ಲೊಂದು ಗ್ಲಾಸ್ ನೀರು ತಂದಿಟ್ಟ. ಬಾಯಮ್ಮ ಒಂದು ಗುಟುಕು ಕುಡಿದಳು.

"ನೀರು ಯಾಕೆ ಅಂತ ಈಗ ಗೊತ್ತಾಯ್ತು. ಕಷಾಯ ಇದು. ಕಣ್ಣು ಮುಚ್ಚಿ ನುಂಗು."

ಮರುದಿನ ಟೂರಿನವರು ಅರಮನೆಗೆ ಹೊರಟರೆ ಇವಳು ಹಾಸಿಗೆ ಬಿಟ್ಟು ಏಳಲಿಲ್ಲ. ಅಂದು ಕ್ರಿಶ್ಚಿಯನ್ನರು ಸತ್ತವರನ್ನು ನೆನೆದು ಗೋರಿಗೆ ಹೂವು, ಮೊಂಬತ್ತಿ ಇಡುವ ದಿನ.

"ನಮ್ಮವರ ಗೋರಿಗೆ ಕೊನೆಯ ಸಲ ಇಡುವ ಅಂತಿದ್ದೆ. ಇವತ್ತೇ ತಂದು ಹಾಕಿದ್ರಲ್ಲ ನನ್ನನ್ನು ಇಲ್ಲಿ!"

"ಇಲ್ಲಿಯವರು ಸಾಯುದಿಲ್ವಾ? ಏಳು, ಹೋಗುವ" ಎಂದೆ. ಹೋಟೆಲಿನ ಹುಡುಗಿ ಊರಿನ ದೊಡ್ಡ ಸ್ಮಶಾನಕ್ಕೆ ಹೋಗುವ ಟ್ರಾಮ್ ಹತ್ತಿಸಿದಳು.

ಆ ಸ್ಮಶಾನಕ್ಕೆ ಊರೇ ಬಂದಿತ್ತು. ಬೀದಿಯಲ್ಲಿ ಮುಖ ನೋಡದ ಜನ ಅಲ್ಲಿ ಮಂಡಿಯೂರಿ ಕಲ್ಲು ತಿಕ್ಕುತ್ತಿದ್ದರು, ಗಿಡಕ್ಕೆ ನೀರು ಹಾಕುತ್ತಿದ್ದರು. ಬಾಯಮ್ಮನಿಗೆ ಬೈಯಲು ಏನೂ ಸಿಗಲಿಲ್ಲ. ನಡೆದು ಹೋಗಿ ಒಂದು ಗೋರಿಯ ಮುಂದೆ ನಿಂತಳು. ಹೂವಿಲ್ಲ, ದೀಪವಿಲ್ಲ, ಮೇಲೆಲ್ಲ ಕೊಳೆತ ಎಲೆ. ಸೆರಗು ಸಿಕ್ಕಿಸಿ ಗುಡಿಸತೊಡಗಿದಳು.

"ಯಾರದ್ದು ಬಾಯಮ್ಮ? ನಿನ್ನ ಮಾವನದ್ದಾ?"

"ಯಾರದ್ದೋ. ನಾನು ಇವನದ್ದು ಒರೆಸಿದ್ರೆ ಅಲ್ಲಿ ನಮ್ಮವರದ್ದು ಯಾರಾದ್ರೂ ಒರೆಸಿಯಾರು."

"ಯಾರಾದ್ರೂ ಅಂದ್ರೆ ಯಾರು? ಗಾಳಿಯಾ? ನಾನೇ ಹೋಗ್ತೇನೆ. ಪ್ರಾರ್ಥನೆ ಗೀರ್ಥನೆ ಮಾತ್ರ ನನ್ನಿಂದ ಆಗುದಿಲ್ಲ" ಎಂದೆ.

ಬಾಯಮ್ಮ ಎಲೆ ಗುಡಿಸುತ್ತಲೇ ಇದ್ದಳು. "ಪ್ರಾರ್ಥನೆ ನಾನು ಊರಲ್ಲಿ ಮಾಡ್ತೇನೆ. ನೀನು ಹೆಸರು ಕಾಣುವ ಹಾಗೆ ಮಾಡು, ಸಾಕು. ಒದ್ದೆ ಬಟ್ಟೆಯಲ್ಲಿ ಒರೆಸು. ಒಣ ಬಟ್ಟೆಯಾದ್ರೆ ಕಲ್ಲಿಗೆ ಗೀರು ಬೀಳ್ತದೆ."

ಟೂರಿನಿಂದ ಬಂದು, ಗಂಟು ಕಟ್ಟಿ, ಬಾಯಮ್ಮ ಊರು ಸೇರಿದಳು. ಕಳೆದ ಭಾನುವಾರ ಅಳಿಯನ ಕಾರಿನಲ್ಲಿ ಅವಳ ಗಂಡನ ಗೋರಿಗೆ ಹೋದೆ. ಮರಳುಗಾಳಿ ಎದ್ದ ವಾರ, ಕಲ್ಲು ಹುಡುಕುವುದೇ ಕಷ್ಟವಾಯಿತು. ಒರೆಸಿ, ಫೋಟೋ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೇ ಅವಳ ವಾಯ್ಸ್ ಮೆಸೇಜ್ ಬಂತು.

"ಎಡಗಡೆ ಮೂಲೆಯಲ್ಲಿ ಮರಳು ಹಾಗೇ ಉಂಟಲ್ಲ! ಕಣ್ಣು ಕಾಣುದಿಲ್ವಾ ನಿನಗೆ?"

ಹೇಳಿ ಮುಗಿಸಿದ ಮೇಲೆ ಮೊಬೈಲಿನ ರೆಕಾರ್ಡ್ ಬಟನ್ನಿನಿಂದ ಬೆರಳು ತೆಗೆಯುವುದನ್ನು ಮರೆತಿದ್ದಳು. ಮಾತು ನಿಂತಿತ್ತು, ಅಳು ಮಾತ್ರ ಬರುತ್ತಾ ಇತ್ತು. ಅದು ಮುಗಿಯುವವರೆಗೂ ಬಿಸಿಲಲ್ಲಿ ನಿಂತು ಕೇಳಿದೆ.

ಆಮೇಲೆ ಎಡಗಡೆಯ ಮೂಲೆ ಒರೆಸಿದೆ.