ಚಂದ್ರಿ ಎಂಬ ಎಮ್ಮೆಯ ಸದಸ್ಯತ್ವ ರದ್ದತಿ ಕುರಿತು

ಹಾಲು ಸಂಘದ ಕಚೇರಿ, ಗಣಕಯಂತ್ರ ಶಾಖೆ
ಸಂಖ್ಯೆ: ಹಾಸಂ/ಗಣಕ/ಎಮ್ಮೆ/7/1987-88

ವಿಷಯ: ಸದಸ್ಯರ ಕಡತವನ್ನು ಗಣಕಯಂತ್ರದ ಮಾಹಿತಿ ಇಡುವ ಟೇಪ್ ಕ್ಯಾಸೆಟ್ಟಿಗೆ ಬರೆಯುವ ಹಾಗೂ ಮರಳಿ ಓದುವ ಕ್ರಮ.

ಉಲ್ಲೇಖ: ಯಮನೂರಿನ ಶ್ರೀಮತಿ ಸಾವಂತ್ರೆವ್ವ ಅವರು ಕಚೇರಿಯ ಬಾಗಿಲಲ್ಲಿ ನಿಂತು ಮಾಡಿದ ಮೌಖಿಕ ತಕರಾರು (ಸಂತೆಯವರೆಗೂ ಕೇಳಿಸಿದೆ).

ಸದಸ್ಯರ ಹೆಸರು, ಊರು, ಎಮ್ಮೆಯ ಹೆಸರು, ಈ ಕ್ರಮದಲ್ಲಿ ಕ್ಯಾಸೆಟ್ಟಿಗೆ ಬರೆಯುವ ‘ಬೇಸಿಕ್’ ಎಂಬ ಗಣಕ ಭಾಷೆಯ ಪ್ರೋಗ್ರಾಮನ್ನು ಗುಮಾಸ್ತ ಪಾಂಡುರಂಗ ಅವರೂ, ಮರಳಿ ಓದುವ ಪ್ರೋಗ್ರಾಮನ್ನು ಗುಮಾಸ್ತ ಇಮಾಮುದ್ದೀನ ಅವರೂ ರಚಿಸಿರುತ್ತಾರೆ. ಫ್ಯಾನಿನ ಕೆಳಗಿನ ಕುರ್ಚಿಯ ಸಲುವಾಗಿ ಇಬ್ಬರೂ ಮಾತು ಬಿಟ್ಟಿದ್ದರಿಂದ, ಇಮಾಮುದ್ದೀನ ಅವರು ಎಮ್ಮೆಯ ಹೆಸರೇ ಮೊದಲೆಂದು ತಿಳಿದು ಎಮ್ಮೆಯಿಂದ ಓದಲು ಆರಂಭಿಸಿದ್ದಾರೆ. ಪರಿಣಾಮವಾಗಿ, ಪ್ರಯೋಗಾರ್ಥ ಮೊದಲು ಓದಿಸಿದ ಸಾವಂತ್ರೆವ್ವ ಅವರ ದಾಖಲೆಯಲ್ಲಿ, ಚಂದ್ರಿ ಎಂಬ ಅವರ ಎಮ್ಮೆ ಸದಸ್ಯೆಯಾಗಿಯೂ, ಸಾವಂತ್ರೆವ್ವ ಅವರು ಅದರ ಎಮ್ಮೆಯಾಗಿಯೂ ದಾಖಲಾಗಿ, ಸದಸ್ಯೆಯಲ್ಲವೆಂಬ ಕಾರಣಕ್ಕೆ ಅವರ ಹಾಲನ್ನು ವಾರವಿಡೀ ವಾಪಸು ಕಳಿಸಲಾಗಿದೆ.

ಸದರಿಯವರ ಹೇಳಿಕೆ, ಯಥಾವತ್ತು: “ಹಾಲು ಹಿಂಡಾಕಿ ನಾನು, ಮೆಂಬರು ಆಕಿ? ಅಗದಿ ಚಲೋ ಆತು ಬಿಡ್ರಿ! ನಾಳಿಂದ ಆಕೀನ ಬರ್ತಾಳ, ಕುರ್ಚಿ ಹಾಕಿ ಕುಂಡ್ರಸ್ರಿ.”

ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ಬರೆದ ಕ್ರಮದಲ್ಲಿಯೇ ಓದತಕ್ಕದ್ದು. ಯಂತ್ರಕ್ಕೆ ಒಡತಿ ಯಾರು, ಎಮ್ಮೆ ಯಾವುದು ಎಂಬ ವಿವೇಚನೆ ಇರುವುದಿಲ್ಲ.

2. ಮಾತು ಬಿಡಲಿಚ್ಛಿಸುವ ನೌಕರರು ಕಡತದ ಕ್ರಮವನ್ನು ಮೊದಲು ಪರಸ್ಪರ ತಿಳಿಸತಕ್ಕದ್ದು. ಆಮೇಲೆ ಜಗಳಕ್ಕೆ ಅಡ್ಡಿಯಿಲ್ಲ.

3. ಕ್ಯಾಸೆಟ್ಟು ಓಡುವಾಗ ಬರುವ ಕಿರುಚಾಟಕ್ಕೆ ಯಾರೂ ಹೆದರತಕ್ಕದ್ದಲ್ಲ. ಅವು ಧ್ವನಿಯಾಗಿ ಬರೆದ ಸದಸ್ಯರ ಹೆಸರುಗಳೇ ಆಗಿರುತ್ತವೆ.

4. ಸಾವಂತ್ರೆವ್ವ ಅವರು ನಿನ್ನೆ ಚಂದ್ರಿಯನ್ನು ಕಚೇರಿಗೆ ತಂದು, ಫ್ಯಾನಿನ ಕೆಳಗೆ ಕಟ್ಟಿ, “ಮೆಂಬರು ಬಂದಾಳ, ಆಕಿ ಕೂಡನ ಮಾತಾಡ್ರಿ” ಎಂದು ಹೇಳಿ ಹೋಗಿರುತ್ತಾರೆ. ದಾಖಲೆಯ ಪ್ರಕಾರ ಸದಸ್ಯೆಯಾಗಿರುವುದರಿಂದ ಅವಳನ್ನು ಹೊರಹಾಕಲು ಈ ಕಚೇರಿಗೆ ಅಧಿಕಾರವಿಲ್ಲ. ವಿವಾದಿತ ಕುರ್ಚಿ ಮುರಿದಿದ್ದು, ಆ ಕುರಿತ ತಕರಾರು ಇತ್ಯರ್ಥವಾದಂತೆ ಭಾವಿಸಲಾಗಿದೆ.

5. ಉಭಯ ಗುಮಾಸ್ತರು ಚಂದ್ರಿಯ ಸಗಣಿ ಎತ್ತಿ ಹಾಕಿದ ನಂತರ ಒಂದೇ ಬೆಂಚಿನ ಮೇಲೆ ಕುಳಿತು ಪ್ರೋಗ್ರಾಮನ್ನು ತಿದ್ದಿ, ಚಂದ್ರಿಯ ಸದಸ್ಯತ್ವವನ್ನು ರದ್ದುಪಡಿಸತಕ್ಕದ್ದು.

6. ಇಂದು ಸಂಜೆಯಿಂದ ಸಾವಂತ್ರೆವ್ವ ಅವರ ಹಾಲನ್ನು ಯಂತ್ರವನ್ನು ಕೇಳದೆಯೇ ಸ್ವೀಕರಿಸತಕ್ಕದ್ದು. ಅವರು ಯಾರೆಂಬುದು ಇಲ್ಲಿನ ಎಲ್ಲರಿಗೂ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಯಂತ್ರದ ಮುಖ ನೋಡುತ್ತ ನಿಂತದ್ದು ನಾಚಿಕೆಗೇಡು ಎಂದು ದಾಖಲಿಸಲಾಗಿದೆ.

ಸಹಿ/-
(ಬಾಳಕೃಷ್ಣ)
ಕಾರ್ಯದರ್ಶಿ
(ಜಾಗವಿಲ್ಲದ ಕಾರಣ ವರಾಂಡದಲ್ಲಿ ನಿಂತು ಸಹಿ ಮಾಡಲಾಗಿದೆ)

ಪ್ರತಿಗಳು:
1. ಶ್ರೀ ಪಾಂಡುರಂಗ ಮತ್ತು ಶ್ರೀ ಇಮಾಮುದ್ದೀನ: ಇಬ್ಬರಿಗೂ ಸೇರಿ ಒಂದೇ ಪ್ರತಿ.
2. ಶ್ರೀಮತಿ ಸಾವಂತ್ರೆವ್ವ, ಸದಸ್ಯೆ: ಕ್ಷಮೆಯೊಂದಿಗೆ. ಹಗ್ಗ ಬಿಚ್ಚಿಕೊಂಡು ಹೋಗಲು ವಿನಂತಿ.
3. ಚಂದ್ರಿ, ಮಾಜಿ ಸದಸ್ಯೆ: ತಲುಪಿದೆ, ತಿಂದಿದ್ದಾಳೆ.
4. ಕಚೇರಿ ಪ್ರತಿ: ಅದನ್ನೂ.