ಸಂಜೆಗೆ ಸಡಿಲಾಗುವ ಮಾಮ

ಬಳ್ಳಾರಿಯಲ್ಲಿ ಹುಟ್ಟಿ ಬೆಳೆದೂ ಕುರ್ಚಿಯ ಮೇಲೆ ಆಸೆಯಿಲ್ಲದ ಮನುಷ್ಯ ಒಬ್ಬನೇ ಒಬ್ಬ ಇದ್ದಾನೆ. ಅವನು ನಮ್ಮ ಮಾಮ. ನಗಬೇಡಿ, ನಾನು ರಾಜಕೀಯ ಮಾತಾಡುತ್ತಿಲ್ಲ! ನಾಲ್ಕು ಕಾಲಿನ ನಿಜವಾದ ಕುರ್ಚಿಯನ್ನೇ ಹೇಳುತ್ತಿದ್ದೇನೆ. ಪ್ಲಾಸ್ಟಿಕ್ಕಿನದಿರಲಿ, ಸಾಗುವಾನಿಯದಿರಲಿ, ಅದರ ಮೇಲೆ ಅವನು ನೆಟ್ಟಗೆ ಒಂದು ಲೋಟ ಚಹಾ ಮುಗಿಯುವವರೆಗೆ ಕೂತದ್ದನ್ನು ನಾನು ಕಂಡಿಲ್ಲ. ಗಾಂಧಿನಗರದ ನಮ್ಮ ಮನೆಯಲ್ಲಿ ಅವನು ಟೀವಿ ನೋಡುವುದು ನಿಂತು, ಪೇಪರ್ ಓದುವುದು ಅಡ್ಡಾಡುತ್ತ, ಊಟ ಮಾಡುವುದು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು. ಮನೆಗೆ ಬಂದ ಹೊಸಬರು, 'ಅವರು ಎಲ್ಲಿಗೋ ಹೊರಟಂಗ ಐತಲ್ಲ?' ಎಂದು ಕೇಳುತ್ತಾರೆ. ಎಲ್ಲಿಗೆ ಹೊರಡುತ್ತಾನೆ? ನಾನು ಹುಟ್ಟುವ ಮೊದಲಿನಿಂದ ಇದೇ ಮನೆಯಲ್ಲಿದ್ದಾನೆ!

ಕಾರಣ ಹೇಳಿಬಿಡುತ್ತೇನೆ. ಮಾಮನಿಗೆ ಬೆನ್ನುಮೂಳೆಯ ಕೀಲುಗಳು ಬಿಗಿದುಕೊಳ್ಳುವ ಒಂದು ವಾತರೋಗವಿದೆ. ಡಾಕ್ಟರು ಹೇಳುವ ಇಂಗ್ಲಿಷ್ ಹೆಸರು ಎಷ್ಟು ಉದ್ದವೆಂದರೆ, ಬಳ್ಳಾರಿಯಲ್ಲಿ ಹೇಳಲು ಶುರು ಮಾಡಿದರೆ ಮುಗಿಯುವಷ್ಟರಲ್ಲಿ ಕುರುಗೋಡು ಬಂದಿರುತ್ತದೆ. ಈ ರೋಗದ ವಿಚಿತ್ರವೇನು ಗೊತ್ತೇ? ಉಳಿದ ರೋಗಗಳಿಗೆಲ್ಲ ಮಲಗಿದರೆ ಆರಾಮ, ಇದಕ್ಕೆ ಮಲಗಿದರೇ ತೊಂದರೆ! ವಿಶ್ರಾಂತಿ ತೆಗೆದುಕೊಂಡಷ್ಟೂ ಬಿಗಿಯುತ್ತದೆ, ಅಡ್ಡಾಡಿದಷ್ಟೂ ಸಡಿಲಾಗುತ್ತದೆ. ಚಿಕ್ಕಂದಿನಲ್ಲಿ ನಾನು ಕುತೂಹಲ ತಡೆಯಲಾಗದೆ, 'ಅದು ಹೆಂಗಿರ್ತೈತಿ ಮಾಮ?' ಎಂದು ಕೇಳಿದ್ದೆ.

"ನಮ್ಮ ಅಂಗಡಿ ಶಟರ್ ಇದ್ದಂಗ ನೋಡು," ಎಂದಿದ್ದ. "ರಾತ್ರಿ ಎಳೆದ್ರ ಮುಂಜಾನಿ ಜಗ್ಗಾಡಿ ಜಗ್ಗಾಡಿ ತಗೀಬೇಕು. ಒಮ್ಮೆ ತಗದ್ರ ದಿನಾ ಪೂರ್ತಿ ಆರಾಮ."

ಕುರುಗೋಡಿನಲ್ಲಿ ಅವನದೊಂದು ಬೀಜ-ಗೊಬ್ಬರದ ಅಂಗಡಿ ಇದೆ, ಅದರ ಶಟರ್ ಮಾತು ಅದು.

ಹೀಗಾಗಿ ಬೆಳಿಗ್ಗೆ ಮಾಮ ಏಳುವುದೆಂದರೆ ನಮ್ಮ ಮನೆಯಲ್ಲಿ ಒಂದು ಕಾರ್ಯಕ್ರಮ. ಮೊದಲು ಮಗ್ಗುಲಾಗಬೇಕು, ಆಮೇಲೆ ಕಾಲು ಇಳಿಬಿಡಬೇಕು, ಗೋಡೆ ಹಿಡಿಯಬೇಕು, ಗೋಡೆಗೂ ಅವನಿಗೂ ಸ್ವಲ್ಪ ಹೊತ್ತು ಮಾತುಕತೆ ನಡೆಯಬೇಕು. ಅಷ್ಟರಲ್ಲಿ ಅವನ ಅಕ್ಕ, ಅಂದರೆ ನಮ್ಮಮ್ಮ, ಅಡುಗೆಮನೆಯಿಂದ ಕೂಗುತ್ತಾಳೆ:

"ಲೇ, ಹಾಲು ತರಾಕ ಹೋಗ್ತೀಯೋ, ಎಮ್ಮಿನ ಇಲ್ಲಿಗೆ ಕರಸ್ಲೋ?"

"ಸಂಜಿಮುಂದ ಬಾ ಅಂತ ಹೇಳಕ್ಕಾ ಎಮ್ಮಿಗೆ. ಆವಾಗ ನಾನ ಹಿಂಡ್ತೀನಿ!"

ಅವನು ಹೇಳುವುದು ಸುಳ್ಳಲ್ಲ. ಸಂಜೆ ಅಂಗಡಿ ಮುಚ್ಚಿ ಬಂದವನೇ ಬೂಟು ಹಾಕಿಕೊಂಡು ಮೈದಾನಕ್ಕೆ ಹೋಗಿ ಕಾಲೇಜು ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಾನೆ, ಅವರ ಸಮಕ್ಕೆ ಓಡುತ್ತಾನೆ. ಇದನ್ನು ನೋಡಿದ ಓಣಿಯವರಿಗೆ ಹೇಗೆ ಅರ್ಥವಾಗಬೇಕು? 'ಮುಂಜಾನಿ ಮುದುಕ, ಸಂಜಿಗೆ ಹುಡುಗ, ಇದೆಂಥಾ ರೋಗಾರೀ?' ಎನ್ನುತ್ತಾರೆ. ಗಾಯವಿಲ್ಲ, ಜ್ವರವಿಲ್ಲ, ಕೆಮ್ಮೂ ಇಲ್ಲ. ಕಾಲಿಗೊಂದು ಸಿಮೆಂಟಿನ ಪಟ್ಟಿ ಹಾಕಿಸಿಕೊಂಡಿದ್ದರೆ ಅವರೇ ಮೋಸಂಬಿ ಹಿಡಿದುಕೊಂಡು ನೋಡಲು ಬರುತ್ತಿದ್ದರು.

ಬಸ್ಸಿನ ಕತೆ ಕೇಳಿ. ಕುರುಗೋಡಿಗೆ ಅವನು ದಿನಾ ನಿಂತೇ ಹೋಗುತ್ತಾನೆ. ಹಳೆಯ ಕಂಡಕ್ಟರುಗಳಿಗೆ ರೂಢಿಯಾಗಿದೆ. ಒಮ್ಮೆ ಹೊಸಬನೊಬ್ಬ ಬಂದ. ಅರ್ಧ ಬಸ್ಸು ಖಾಲಿ, ಮಾಮನೊಬ್ಬ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು, ನೆಟ್ಟಗೆ ನಿಂತು, ಎಲ್ಲರನ್ನೂ ದಿಟ್ಟಿಸುತ್ತಿದ್ದಾನೆ. ಪಾಪ, ಆ ಕಂಡಕ್ಟರು ಇವನನ್ನು ಟಿಕೆಟ್ ತಪಾಸಣೆಯ ಸಾಹೇಬರೆಂದೇ ತಿಳಿದ! ಕುರುಗೋಡಿನವರೆಗೂ ಎಲ್ಲರಿಗೂ 'ರೀ' ಹಚ್ಚಿ ಮಾತಾಡಿದ, ಅಜ್ಜಿಯರ ಗಂಟು ಇಳಿಸಿಕೊಟ್ಟ. ಆ ಮಾರ್ಗದಲ್ಲಿ ಎಲ್ಲರಿಗೂ ಕೇಳದೆಯೇ ಚಿಲ್ಲರೆ ಸಿಕ್ಕಿದ್ದು ಅದೊಂದೇ ದಿನ ಎಂದು ಜನ ಇವತ್ತಿಗೂ ನೆನೆಯುತ್ತಾರೆ.

ಅದಕ್ಕಿಂತ ದೊಡ್ಡದು ನಮ್ಮ ಅಕ್ಕನ ಮದುವೆಯ ಮಾತುಕತೆ. ಹುಡುಗನ ಮನೆ ಸಿರುಗುಪ್ಪದಲ್ಲಿ. ನಮ್ಮ ಕಡೆ ನಿಮಗೆ ಗೊತ್ತಲ್ಲ, ಮಾತಿಗೆ ಬಂದ ಹಿರಿಯರು ಕೂರಲಿಲ್ಲವೆಂದರೆ ಏನೋ ಮನಸ್ಸಿಗೆ ಬಂದಿಲ್ಲ ಎಂದೇ ಅರ್ಥ. ಅವರು ಕೂರುವ ತನಕ ಚಹಾ ಕೂಡ ಹೊರಗೆ ಬರುವುದಿಲ್ಲ. ಬಳ್ಳಾರಿಯಿಂದ ಕಾರಿನಲ್ಲಿ ಕೂತು ಕೂತು ಮಾಮನ ಬೆನ್ನು ಹಲಗೆಯಾಗಿತ್ತು. ಪಡಸಾಲೆಯಲ್ಲಿ ಎಲ್ಲರೂ ಕಂಬಳಿಯ ಮೇಲೆ ಕೂತರೆ ಇವನು ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಅಡ್ಡಾಡತೊಡಗಿದ. ಹುಡುಗನ ಕಡೆಯವರಿಗೆ ಮದುವೆ ಸಿರುಗುಪ್ಪದಲ್ಲೇ ಆಗಬೇಕೆಂಬ ಹಟ, ನಮ್ಮವರಿಗೆ ಬಳ್ಳಾರಿಯಲ್ಲೇ ಆಗಬೇಕು.

"ಕುಂದರ್ರಿ ಬೀಗರ."

"ಇರ್ಲಿ ಬಿಡ್ರಿ."

ಅವರು ಮುಖ ಮುಖ ನೋಡಿಕೊಂಡರು. ಒಳಗೆ ಹೆಂಗಸರಲ್ಲಿ ಪಿಸುಪಿಸು ಶುರುವಾಯಿತು. ಮತ್ತೆ ಕೂರಲು ಹೇಳಿದರು, ಇವನು ಮತ್ತೆ ಬಾಗಿಲ ಕಡೆ ನಡೆದ. ಹುಡುಗನ ತಂದೆ ತಡೆಯಲಾರದೆ ಎದ್ದು ಬಂದು ಕೈ ಹಿಡಿದರು: "ಆತು ಬಿಡ್ರಿ, ಮದುವಿ ಬಳ್ಳಾರ್ಯಾಗ ಮಾಡೋಣ್ರಿ. ನೀವು ಒಟ್ಟ ಕುಂದರ್ರಿ!" ಅಷ್ಟರಲ್ಲಿ ಬೆನ್ನು ಸಡಿಲಾಗಿತ್ತು, ಮಾಮ ಕೂತ. ವಾಪಸು ಬರುವಾಗ ಅಮ್ಮ, "ಇನ್ನ ಸ್ವಲ್ಪ ಅಡ್ಡಾಡಿದ್ರ ಹುಡುಗನ್ನ ಮನಿ ಅಳಿಯನ್ನಾಗಿ ಕೊಡ್ತಿದ್ರೇನೋ!" ಎಂದಳು.

ಇನ್ನು ಮದ್ದು ಹೇಳುವವರು. ಬೇವಿನೆಣ್ಣೆ, ಉಪ್ಪಿನ ಶಾಖ, ಹಲಗೆಯ ಮೇಲೆ ಮಲಗುವುದು, ಹಲಗೆಯ ಮೇಲೆ ಮಲಗದೆ ಇರುವುದು, ಒಬ್ಬೊಬ್ಬರದು ಒಂದೊಂದು. ಆದೋನಿಯ ಕಡೆಯ ಅತ್ತೆಯೊಬ್ಬಳು ಬಂದವಳೇ ತೆಲುಗಿನಲ್ಲಿ "ಅಂತಾ ಮನಸುಲೋನೇ ಉಂದಿ ನಾಯನಾ" ಎಂದಳು. ಎಲ್ಲಾ ಮನಸ್ಸಿನಲ್ಲೇ ಇದೆಯಂತೆ! "ನನ್ನ ಮನಸು ಬೆನ್ನಿನಾಗ ಐತೇನು ಅತ್ತಿ?" ಎಂದ ಮಾಮ. ಆಕೆ ಸೋಲಲಿಲ್ಲ. "ಒಂದು ಮದುವಿ ಆಗು, ಎಲ್ಲಾ ಸರಿ ಹೋಗ್ತೈತಿ."

"ಮದುವಿ ಆದವ್ರು ಹೆಂಡ್ರ ಮುಂದ ಬಗ್ಗಬೇಕಲ್ಲತ್ತಿ. ನಂಗ ಬಗ್ಗಾಕ ಬರಂಗಿಲ್ಲ!"

ಇಂಥ ಮಾಮನಿಗೆ ಇನ್ನೊಂದು ಹುಚ್ಚು ಇದೆ. ಆಟದಲ್ಲಿ ನ್ಯಾಯ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಕಡೆಯ ಹುಡುಗಿಯರಿಗಾಗಿ ವರ್ಷಕ್ಕೊಮ್ಮೆ ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. ತಂಡಗಳನ್ನು ಸಾಕುವ ಮಾಲೀಕರಿದ್ದಾರೆ: ಸಿರುಗುಪ್ಪದ ಅಕ್ಕಿ ಗಿರಣಿಯವರು, ಬಳ್ಳಾರಿಯ ಜೀನ್ಸ್ ಹೊಲಿಸುವವರು, ಕುರುಗೋಡಿನ ಹತ್ತಿ ವ್ಯಾಪಾರಿ, ಇನ್ನೊಬ್ಬಿಬ್ಬರು. ಮೊದಲೆಲ್ಲ ದುಡ್ಡು ಜಾಸ್ತಿ ಇದ್ದವರು ಒಳ್ಳೆಯ ಆಟಗಾರ್ತಿಯರನ್ನೆಲ್ಲ ತಮ್ಮ ಕಡೆಗೇ ಬಾಚಿಕೊಳ್ಳುತ್ತಿದ್ದರು. ಮಾಮ ಡ್ರಾಫ್ಟ್ ಪದ್ಧತಿ ತಂದ. ಎಲ್ಲರ ಎದುರು ಆಟ ನೋಡುವುದು, ಆಮೇಲೆ ಮಾಲೀಕರು ಸರದಿಯ ಪ್ರಕಾರ ಒಬ್ಬೊಬ್ಬಳ ಹೆಸರು ಕೂಗುವುದು. ಹೋದ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ.

ಜೀನ್ಸಿನವರು ಸಿಟ್ಟಾದರು. "ಸೋತವ್ರಿಗೆ ಬಹುಮಾನ ಕೊಡ್ತೀರೇನ್ರಿ?"

"ಚಲೋ ಆಡೋರೆಲ್ಲ ನಿಮ್ಮ ಕಡೀನ ಇದ್ರ ನೀವು ಆಡೋದು ಯಾರ ಜೋಡಿ? ಕನ್ನಡಿ ಜೋಡಿಯೇನು?"

ನಿಯಮವೇನೋ ಜಾರಿಗೆ ಬಂತು. ಆದರೆ ನಮ್ಮ ಜನ ನಿಯಮವನ್ನು ಮಾಡಿದವನಿಗಿಂತ ಚೆನ್ನಾಗಿ ತಿಳಿದುಕೊಳ್ಳುತ್ತಾರೆ! ಮುಂದಿನ ವರ್ಷ ಕೊನೆಯ ಎರಡು ತಂಡಗಳ ಪಂದ್ಯ ನೋಡಬೇಕಿತ್ತು. ಎರಡಕ್ಕೂ ಸೋಲಬೇಕು, ಎರಡಕ್ಕೂ ಮೊದಲ ಸರದಿ ಬೇಕು. ಒಂದು ತಂಡದವರು ತಮ್ಮ ಗೋಲಿಗೆ ತಾವೇ ಹೊಡೆದುಕೊಂಡರು. ಇನ್ನೊಂದು ತಂಡ ಸುಮ್ಮನಿರುತ್ತದೆಯೇ? ಅವರೂ ಹೊಡೆದುಕೊಂಡರು. ಕೊನೆಕೊನೆಗೆ ಎದುರಾಳಿಗಳು ತಮ್ಮ ಗೋಲಿಗೆ ತಾವೇ ಹೊಡೆದುಕೊಳ್ಳದಂತೆ ಅವರ ಗೋಲನ್ನು ಇವರು ಕಾಯತೊಡಗಿದರು! ರೆಫರಿ ಸೀಟಿಯನ್ನು ಕಿಸೆಗೆ ಹಾಕಿಕೊಂಡು ನಿಂತುಬಿಟ್ಟ. ಅಂದಿನಿಂದ ಸರದಿಗೆ ಚೀಟಿ ಎತ್ತುವ ಪದ್ಧತಿ ಬಂತು. ಸೋತವರ ಹೆಸರಿನ ಚೀಟಿಗಳು ಸ್ವಲ್ಪ ಜಾಸ್ತಿ, ಗೆದ್ದವರದು ಕಮ್ಮಿ. ಎಲ್ಲವನ್ನೂ ಒಂದು ಸ್ಟೀಲ್ ಬಿಂದಿಗೆಗೆ ಹಾಕಿ, ಮೈದಾನದ ಗೇಟಿನಲ್ಲಿ ಮಿರ್ಚಿ ಕರಿಯುವ ಅಜ್ಜಿಯಿಂದ ಎತ್ತಿಸುವುದು.

ಮಾಮನ ಇನ್ನೆರಡು ನಿಯಮಗಳಿವೆ. ಡ್ರಾಫ್ಟ್ ನಡೆಸುವವನು ಯಾವ ಆಟಗಾರ್ತಿಯ ಪರವಾಗಿಯೂ ಬಾಯಿ ಬಿಡಬಾರದು. ಮತ್ತೆ, ಪ್ರತಿಯೊಬ್ಬಳ ಆಟವನ್ನೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಬೇಕು. ಎರಡು ಸಲ ಯಾಕೆ ಎಂದು ಎಲ್ಲರೂ ಕೇಳುತ್ತಾರೆ, ಅವನು ಹೇಳುವುದಿಲ್ಲ. ನನಗೆ ಅಮ್ಮ ಹೇಳಿದ್ದಳು. ಹರೆಯದಲ್ಲಿ ಮಾಮ ಗೋಲ್‌ಕೀಪರ್ ಆಗಿದ್ದ. ಜಿಲ್ಲಾ ತಂಡದ ಆಯ್ಕೆ ನಡೆದದ್ದು ಬೆಳ್ಳಂಬೆಳಿಗ್ಗೆ. ಚೆಂಡು ನೆಲಕ್ಕೆ ತಾಗಿ ಬಂತು, ಮಾಮ ಬಗ್ಗಲಿಲ್ಲ. ಬಗ್ಗಲಾಗಲಿಲ್ಲ ಎಂದು ಯಾರಿಗೆ ಗೊತ್ತು? ಸೊಕ್ಕು ಎಂದು ಕೈಬಿಟ್ಟರಂತೆ. ರೋಗಕ್ಕೆ ಹೆಸರು ಸಿಕ್ಕಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ.

ಈ ವರ್ಷದ ಡ್ರಾಫ್ಟಿಗೆ ಸಿರುಗುಪ್ಪ ತಾಲೂಕಿನ ಕರೂರು ಎಂಬ ಹಳ್ಳಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಸಿರುಗುಪ್ಪದಲ್ಲಿ ಡಿಗ್ರಿ ಓದುತ್ತಾಳೆ, ಗೋಲ್‌ಕೀಪರ್. ಮೊದಲ ಬಸ್ಸಿಗೆ ಕೂತು ಬಂದವಳು ಇಳಿದು ನೇರ ಗೋಲಿನ ಮುಂದೆ ನಿಂತಳು. ಕೆಳಗೆ ಬಂದ ಚೆಂಡುಗಳೆಲ್ಲ ಅವಳ ಕಾಲ ಪಕ್ಕದಲ್ಲೇ ಒಳಗೆ ಹೋದವು. "ಈಕಿ ಬದಲು ಒಂದು ಕಂಬ ನೆಟ್ರ ಆತು," ಎಂದು ಜೀನ್ಸಿನವರು ನಕ್ಕರು. ಹುಡುಗಿ ಬೇವಿನ ಮರದ ಕೆಳಗೆ ಹೋಗಿ ಸೊಂಟ ಹಿಡಿದುಕೊಂಡು ನಿಂತಳು. ಮಾಮ ಹಿಂದೆಯೇ ಹೋದ, ಚಹಾ ಹಿಡಿದುಕೊಂಡು ನಾನೂ ಹೋದೆ.

"ಮುಂಜಾನಿ ಏಳಾಕ ತ್ರಾಸ ಆಗ್ತೈತೇನವ್ವ?"

"ಹೂಂ ಸರ್. ಮೈಯೆಲ್ಲಾ ಬಿಗದಂಗ. ಮನ್ಯಾಗ ಮೈಗಳ್ಳಿ ಅಂತಾರ."

"ಗದ್ದ್ಯಾಗ ಭತ್ತದ ಸಸಿ ಹಚ್ಚಾಕ ಹೋದ್ರ?"

"ಮೊದಲ ಸಾಲು ಮುಗಿಯೋತನ ಜೀವ ಹೋಗ್ತೈತ್ರಿ. ಆಮ್ಯಾಲ ಎಲ್ಲಾರಿಗಿಂತ ಮುಂದ ನಾನ."

"ನಂಗೂ ಹಂಗ ಐತವ್ವ."

ನಮ್ಮ ಜನ ಇಂಥಲ್ಲಿ 'ನೋಡಿದ್ರ ಹಂಗ ಕಾಣಂಗಿಲ್ಲಲ್ಲ' ಎನ್ನುತ್ತಾರೆ. ಹುಡುಗಿ ಹಾಗೆನ್ನಲಿಲ್ಲ. "ಹೌದ್ರಿ? ಪಾಪ, ನೀವೂ ಗ್ವಾಡಿ ಹಿಡಕೊಂಡು ಏಳ್ತೀರೇನ್ರಿ?" ಎಂದಳು. ಮಾಮ ಹೌದೆಂದು ತಲೆಯಾಡಿಸಿದ.

ಇತ್ತ ಬಂದರೆ ಮಾಲೀಕರೆಲ್ಲ ಒಂದಾಗಿದ್ದರು. ಬಿಸಿಲು ಜೋರು, ಸಂಜೆಯ ಆಟ ಬೇಡ, ಈಗಲೇ ಚೀಟಿ ಎತ್ತಿಸಿ ಎಂದರು. ಹಾಗಾದರೆ ಆ ಹುಡುಗಿಯನ್ನು ಯಾರೂ ಕೂಗುವುದಿಲ್ಲ ಎಂಬುದು ನನಗೂ ಗೊತ್ತಾಯಿತು. "ಆಕಿಗೆ ನಿನ್ನಂಗ ಐತಿ ಅಂತ ಹೇಳಿಬಿಡು ಮಾಮ," ಎಂದು ಕಿವಿಯಲ್ಲಿ ಹೇಳಿದೆ.

"ಹೇಳಿದ್ರ ಅದು ವಶೀಲಿ ಆಗ್ತೈತಿ. ಆಕಿಗೆ ಬೇಕಾಗಿರೋದು ವಶೀಲಿ ಅಲ್ಲ, ಸಂಜಿ."

ಅಂದವನೇ ಏನು ಮಾಡಿದ ಅಂತೀರಿ? ಚೀಟಿಯ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು, ನೀರಿಗೆ ಹೊರಟವನಂತೆ, ಮೈದಾನದ ಸುತ್ತ ನಡೆಯತೊಡಗಿದ! ಚೀಟಿಯಿಲ್ಲದೆ ಸರದಿಯಿಲ್ಲ, ಸರದಿಯಿಲ್ಲದೆ ಡ್ರಾಫ್ಟಿಲ್ಲ. ಮಾಲೀಕರು ಹಿಂದೆ ಹಿಂದೆ ಓಡಿದರು. "ಕುಂದರ್ರಿ, ಮಾತಾಡೋಣ್ರಿ," ಎಂದರು ಗಿರಣಿಯವರು. "ನಡೀರಿ, ನಡಕಂತ ಮಾತಾಡೋಣ," ಎಂದ ಮಾಮ. ಗಿರಣಿಯವರು ಅರ್ಧ ಸುತ್ತಿಗೇ ಏದುಸಿರು ಬಿಟ್ಟು ಕಟ್ಟೆಯ ಮೇಲೆ ಕೂತರು. ಜೀನ್ಸಿನವರು ಒಂದು ಸುತ್ತು ಜಾಸ್ತಿ ತಾಳಿದರು. ಕೂರಲಾಗದವನ ಜೊತೆ ಹಟಕ್ಕೆ ಬಿದ್ದು ಗೆದ್ದವರುಂಟೇ? ಊಟದ ಹೊತ್ತು ಹೋಯಿತು, ಮಿರ್ಚಿ ಅಜ್ಜಿಯ ವ್ಯಾಪಾರ ಜೋರಾಯಿತು, ಬಿಸಿಲು ಇಳಿಯಿತು. ಕೊನೆಗೆ ಕುರುಗೋಡಿನ ಹತ್ತಿ ವ್ಯಾಪಾರಿ, "ಆತು ಮಾರಾಯ್ರ, ಸಂಜಿ ಆಗೇಬಿಟ್ಟೈತಿ. ಇನ್ನೊಮ್ಮೆ ಆಡಸ್ರಿ," ಎಂದು ಕೈ ಮುಗಿದರು.

ಅಷ್ಟೊತ್ತಿಗೆ ಆ ಹುಡುಗಿಯೂ ಮೈದಾನದಲ್ಲಿ ಓಡಾಡಿ ಓಡಾಡಿ ಬೆವತಿದ್ದಳು. ಆಮೇಲೆ ಅವಳು ಎಡಕ್ಕೆ ಹಾರಿದಳು, ಬಲಕ್ಕೆ ಬಿದ್ದಳು, ಎದ್ದಳು, ಮತ್ತೆ ಹಾರಿದಳು. ಬೆಳಿಗ್ಗೆ ಕಂಬ ಎಂದವರು ಬಾಯಿ ತೆರೆದುಕೊಂಡು ನೋಡಿದರು. ಅಜ್ಜಿ ಕೈ ಒರೆಸಿಕೊಂಡು ಚೀಟಿ ಎತ್ತಿದಳು. ಕುರುಗೋಡಿಗೆ ಮೊದಲ ಸರದಿ. ಹತ್ತಿ ವ್ಯಾಪಾರಿ ಎದ್ದು ಕರೂರಿನ ಹುಡುಗಿಯ ಹೆಸರು ಕೂಗಿದರು. ಮಾಮ ಬಿಂದಿಗೆಯ ಒಳಗೆ ಏನೋ ಹುಡುಕುವವನಂತೆ ಮುಖ ಬಗ್ಗಿಸಿಕೊಂಡ, ನಾನು ನೋಡಿದೆ.

ಹುಡುಗಿಯನ್ನು ಸಿರುಗುಪ್ಪದ ಬಸ್ಸು ಹತ್ತಿಸಲು ಬಸ್‌ಸ್ಟ್ಯಾಂಡಿಗೆ ನಾವಿಬ್ಬರೂ ಹೋದೆವು. ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯಿಂದ ಅವಳು ಕೇಳಿದಳು:

"ಇದು ಪೂರ್ತಿ ಹೋಗ್ತೈತೇನ್ರಿ ಸರ್?"

"ಇಲ್ಲವ್ವ. ಆದ್ರ ಔಷಧ ಐತಿ. ನಿಮ್ಮವ್ವನ್ನ ಕರ್ಕೊಂಡು ಬಾ, ಡಾಕ್ಟರ್ ಕಡಿ ಹೋಗೋಣು. ನಂಗ ಆದಷ್ಟು ತಡ ನಿಂಗ ಆಗಬಾರದು."

"ನಿಮಗ ಹಿಂಗ ಐತಿ ಅಂದಾಗ ಮೊದಲು ಯಾರು ನಂಬಿದ್ರು ಸರ್?"

ಏನೋ ತಮಾಷೆಯ ಉತ್ತರ ಬರುತ್ತದೆಂದು ನಾನು ಆಗಲೇ ನಗಲು ತಯಾರಾಗಿದ್ದೆ. ಮಾಮ ಕಿಟಕಿಯ ಸರಳು ಹಿಡಿದುಕೊಂಡ.

"ಡಾಕ್ಟರು ಬೆನ್ನಿನ ಫೋಟೋ ತಗದು ನೋಡಿ ನಂಬಿದ್ರವ್ವ," ಎಂದ. "ಬರೇ ಮಾತು ಕೇಳಿ ನಂಬಿದಾಕಿ ನೀನ ಮೊದಲು. ಇವತ್ತು ಮುಂಜಾನಿ, ಬೇವಿನ ಗಿಡದ ಕೆಳಗ."

ಬಸ್ಸು ಹೊರಟಿತು. ಆಟೋದವನು ಬಂದು ಕರೆದ. ಬೇಡ ಎಂದು ಹೇಳಿ ಮಾಮನ ಕೈ ಹಿಡಿದುಕೊಂಡೆ, ಗಾಂಧಿನಗರದವರೆಗೂ ಇಬ್ಬರೂ ನಡೆದೇ ಬಂದೆವು.