ಇಪ್ಪತ್ತಮೂರು ನಾಬು, ಇಪ್ಪತ್ತಮೂರು ಬೊಟ್ಟು

ದಡ್ಡರಿಂದ ದೊಡ್ಡ ಅನಾಹುತವೇನೂ ಆಗುವುದಿಲ್ಲ. ಹೆಚ್ಚೆಂದರೆ ಯಂತ್ರ ಸುಡುತ್ತಾರೆ. ಅದನ್ನು ರಿಪೇರಿ ಮಾಡುವವನು ಜಾಣನಾಗಿದ್ದರೆ ಮಾತ್ರ ಕೆಲಸ ಕೆಡುತ್ತದೆ. ಇದನ್ನು ಯಾರನ್ನೋ ಉದ್ದೇಶಿಸಿ ಹೇಳುತ್ತಿಲ್ಲ. ಉಮರ್ಗಾದಲ್ಲಿ ಹಳೇ ಸಿಂಥಸೈಜರ್ ಎಂಬ ಕರೆಂಟಿನ ವಾದ್ಯ ಬಿಚ್ಚುವವನು ನಾನೊಬ್ಬನೇ ಆಗಿರುವುದರಿಂದ ಉದ್ದೇಶಿಸಲು ಬೇರೆ ಯಾರೂ ಸಿಗುವುದಿಲ್ಲ. ನಮ್ಮದು ಜಂಗಮರ ಮನೆತನ. ಅಣ್ಣ ಭಕ್ತರ ಮನೆಗೆ ಹೋಗಿ ಪೂಜೆ ಮಾಡಿಸುತ್ತಾನೆ, ನಾನು ಅದೇ ಭಕ್ತರು ಸುಟ್ಟು ತಂದ ಪೆಟ್ಟಿಗೆಗಳ ಮುಂದೆ ಕೂರುತ್ತೇನೆ.

ಕರೆಂಟಿನ ವಿಷಯದಲ್ಲಿ ನನ್ನಷ್ಟು ನೇಮನಿಷ್ಠೆ ಅಣ್ಣನಿಗೆ ಪೂಜೆಯಲ್ಲೂ ಇಲ್ಲ. ಜಪಾನಿನ ಹಳೇ ಯಂತ್ರ ನೂರು ವೋಲ್ಟಿಗೆಂದು ಮಾಡಿದ್ದು. ನಮ್ಮ ಗೋಡೆಯಲ್ಲಿರುವುದು ಇನ್ನೂರ ಮೂವತ್ತು, ಅದೂ ಹೋದ ಲೈಟು ತಿರುಗಿ ಬರುವ ಗಳಿಗೆಯಲ್ಲಿ ಎಷ್ಟಿರುತ್ತದೋ ಶಿವನೇ ಬಲ್ಲ. ನಡುವೆ ಟ್ರಾನ್ಸ್‌ಫಾರ್ಮರ್ ಇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ತುರೋರಿಯ ಹೋಟೆಲಿನವನೊಬ್ಬ ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನು ಇಕ್ಕಳದಿಂದ ಮುರಿದು ತಂದಿದ್ದ. ಅದು ಅರ್ಥಿಂಗ್ ಕಾಲಪ್ಪಾ, ಸೋರಿದ ಕರೆಂಟನ್ನು ನೆಲಕ್ಕಿಳಿಸುವುದು ಎಂದೆ. "ಸುಮ್ಮ ಚಂದಕ್ಕ ಇಟ್ಟಿರ್ತಾರ್ರೀ ಅಯ್ನೋರ. ಎರಡ ಕಾಲಿನ ಮ್ಯಾಲ ಮನಶ್ಯಾ ನಡೀತಾನ, ಪೆಟ್ಟಿಗಿ ನಡಿಯಂಗಿಲ್ಲೇನು?" ಎಂದ. ಅವನಿಗೆ ಅರ್ಧ ತಾಸು ಉಪದೇಶ ಮಾಡಿದೆ. ಅವನು ಭಕ್ತಿಯಿಂದ ಕೇಳಿದ, ಮುರಿದ ಪ್ಲಗ್ಗಿನ ಸಮೇತ ಮನೆಗೆ ಹೋದ.

ನನ್ನ ಮೇಜಿನ ಕೆಳಗೆ ರಬ್ಬರ್ ಚಾಪೆ, ಮುಂಗೈಗೆ ಅರ್ಥಿಂಗ್ ಪಟ್ಟಿ, ಹಿತ್ತಲಲ್ಲಿ ಅರ್ಥಿಂಗಿಗೆಂದು ಇದ್ದಲು ಉಪ್ಪು ತುಂಬಿದ ಕುಣಿ. ಬೆಳಿಗ್ಗೆ ಪತ್ರಿ ಗಿಡಕ್ಕೆ ಒಂದು ಕೊಡ ನೀರು ಬಿದ್ದರೆ ಆ ಕುಣಿಗೆ ಎರಡು ಕೊಡ. ಹೆಂಡತಿ ಕೇಳುತ್ತಾಳೆ, "ಗಿಡ ಎಲಿಯರೆ ಕೊಡ್ತದ. ಈ ಕುಣಿ ಏನ್ ಕೊಡ್ತದ್ರಿ?" ಜೀವ ಉಳಿಸ್ತದ ಎಂದರೆ, ಯಾರ ಜೀವವೆಂದು ಕೇಳಿ ಒಳಗೆ ಹೋಗುತ್ತಾಳೆ.

ಇಂಥ ನನ್ನ ಬಳಿಗೆ ಜಳಕೋಟದ ಶರಣಪ್ಪ ಮಾಸ್ತರರು ಕೌದಿಯಲ್ಲಿ ಸುತ್ತಿದ ಸಿಂಥಸೈಜರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಮಾಸ್ತರರೆಂದರೆ ಶಾಲೆಯವರಲ್ಲ, ಹೊಲ ಮಾಡಿಕೊಂಡು ಭಜನೆಯ ಮೇಳ ನಡೆಸುವವರು. ಅವರ ಯಂತ್ರದಿಂದ ಬರುವ ಸನಾದಿಯ ಸ್ವರಕ್ಕೆ ಉದಗೀರದಿಂದ ನಿಲಂಗಾದವರೆಗೆ ಮಂದಿ ತಲೆದೂಗುತ್ತಾರೆ. ಅಳಿಯ ಅದನ್ನು ನೇರ ಗೋಡೆಗೆ ಚುಚ್ಚಿದ್ದನಂತೆ. "ಹೊಗಿ ಬಂತ್ರೀ ಅಯ್ನೋರ. ಸೋಮವಾರ ನಿಲಂಗಾದಾಗ ಭಜನಿ ಅದ. ಸನಾದಿ ಇಲ್ಲಂದ್ರ ನನಗ ಯಾರ್ ಕರೀತಾರ? ಹೆಂಗರೆ ಮಾಡಿ ಉಳಸ್ರಿ," ಎಂದರು. ನನಗೆ ನಿಜಕ್ಕೂ ಕನಿಕರವಾಯಿತು, ಜೊತೆಗೆ ಅಳಿಯನ ಬಗ್ಗೆ ಮಾತಾಡಲು ಸಿಕ್ಕ ಅವಕಾಶದಿಂದ ಸಂತೋಷವೂ ಆಯಿತು.

ಸುಟ್ಟದ್ದನ್ನೆಲ್ಲ ತೆಗೆದೆ. ಕೆಪಾಸಿಟರುಗಳಲ್ಲಿ ಉಳಿದ ಕರೆಂಟನ್ನು ಮೊದಲು ಇಳಿಸಿ, ಮೀಟರು ಹಿಡಿದು, ಪಟ್ಟಿ ಕಟ್ಟಿಕೊಂಡು, ಒಂದು ಕಿಡಿಯೂ ಹಾರದಂತೆ ಎರಡು ದಿನ ಕೂತೆ. ಯಂತ್ರ ಉಸಿರಾಡಿತು. ಅಲ್ಲಿಗೆ ಎದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಅದರ ಇಪ್ಪತ್ತಮೂರು ನಾಬುಗಳ, ಅಂದರೆ ತಿರುವುವ ಗುಂಡಿಗಳ, ಸುತ್ತ ಒಂದೊಂದು ಎಣ್ಣೆಗುಂಕುಮದ ಬೊಟ್ಟು ಕಂಡಿತು. ದಸರೆಯಲ್ಲಿ ನಮ್ಮ ಕಡೆ ಟ್ರ್ಯಾಕ್ಟರಿನಿಂದ ಮಿಕ್ಸರಿನವರೆಗೆ ಯಾವುದಕ್ಕೂ ಕುಂಕುಮ ತಪ್ಪುವುದಿಲ್ಲ. ಖಂಡೇ ಪೂಜೆಯ ವಿಭೂತಿ ಕುಂಕುಮ ಯಂತ್ರದೊಳಗೆ ಇಳಿದು ಕೆಡಿಸಿದ್ದನ್ನು ನಾನು ಎಷ್ಟೋ ಕಂಡಿದ್ದೇನೆ. ಭಕ್ತಿಗೂ ಒಂದು ಮಿತಿ ಬೇಡವೇ ಎಂದು ಗೊಣಗುತ್ತ, ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಇಪ್ಪತ್ತಮೂರೂ ಬೊಟ್ಟು ಒರೆಸಿದೆ. ಕರಕರ ಎನ್ನುತ್ತಿದ್ದ ನಾಬುಗಳನ್ನು ಆ ತುದಿಯಿಂದ ಈ ತುದಿಗೆ ತಿರುವಿ, ಎಲ್ಲವನ್ನೂ ಸೊನ್ನೆಗೆ ತಂದಿಟ್ಟೆ.

ಶನಿವಾರ ಮಾಸ್ತರರು ಹೆಂಡತಿ ಗೌರಮ್ಮನವರೊಡನೆ ಬಂದರು. ಕೌದಿ ಹಾಸುವ ಮೊದಲೇ ಯಂತ್ರ ನೋಡಿ, "ಬೊಟ್ಟು ಎಲ್ಲಿ ಹೋದ್ವು?" ಎಂದರು.

"ಎಲ್ಲಾ ಸ್ವಚ್ಛ ಮಾಡೀನ್ರಿ," ಎಂದೆ, ಎದೆಯುಬ್ಬಿಸಿ.

ಮಾಸ್ತರರು ನಾಬುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡತೊಡಗಿದರು. ಗೌರಮ್ಮನವರೇ ಹೇಳಿದರು: "ಪೂಜೀವಲ್ರೀ ಅವು. ಹಲಗಿ ಬಾರಸೋರ ಬಾಜೂಕ ನಿಂತು ನಿಂತು ಇವ್ರ ಕಿವಿ ಮಂದ ಆಗ್ಯಾವ. ಇವ್ರು ತಿರವತಿದ್ರು, ನಾ ಬರಾಬರ ಅಂದಲ್ಲಿ ಬೊಟ್ಟು ಇಡತಿದ್ದೆ. ಒಂದ ಸನಾದಿಗಿ ಎಷ್ಟ ವರ್ಷ ಹಿಡಿದಾವ ಗೊತ್ತದೇನ್ರಿ?"

ಈ ಹಳೇ ಯಂತ್ರಗಳಿಗೆ ಈಗಿನ ಕೀಬೋರ್ಡಿನಂತೆ ನೆನಪಿಟ್ಟುಕೊಳ್ಳುವ ಗುಣವಿಲ್ಲ. ನಾಬು ಎಲ್ಲಿ ನಿಂತಿದೆಯೋ ಅದೇ ಅದರ ಸ್ವರ. ಇದು ನನಗೆ ಗೊತ್ತಿತ್ತು. ಇತರರಿಗೂ ಎಷ್ಟೋ ಸಲ ವಿವರಿಸಿ ಹೇಳಿದ್ದೇನೆ.

ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದವರೆಗೆ ನಾನು ನಾಬು ತಿರುವಿದೆ, ಗೌರಮ್ಮನವರು ಹೊಸ್ತಿಲ ಬಳಿ ಕಣ್ಣುಮುಚ್ಚಿ ಕೂತು "ಅಲ್ಲ" ಎಂದರು. ಯಂತ್ರದೊಳಗೆ ಎಮ್ಮೆಕರು ಕೂಗಿತು. ಅಲ್ಲ. ಲಾರಿ ಹಾರ್ನ್ ಹೊಡೆಯಿತು. ಅಲ್ಲ. "ಇದು ಬಾಜೂ ಮನಿ ಕುಕ್ಕರ ಆತಲ್ರೀ," ಎಂದು ನನ್ನ ಹೆಂಡತಿ ಒಳಗಿನಿಂದ ತನ್ನ ವಿದ್ವತ್ತು ಸೇರಿಸಿದಳು. ನನ್ನ ಮುಂಗೈಯಲ್ಲಿ ಆಗಲೂ ಅರ್ಥಿಂಗ್ ಪಟ್ಟಿ ಇತ್ತು. ಯಾವ ಅಪಾಯಕ್ಕೆಂದು ಯಾರೂ ಕೇಳಲಿಲ್ಲ.

ಊಟವಾದ ಮೇಲೆ ಒಂದು ಸ್ವರ ಬಂತು, ತೆಳ್ಳಗೆ, ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗೆ. ಗೌರಮ್ಮನವರು ಕಣ್ಣು ತೆರೆದು ನನ್ನನ್ನಲ್ಲ, ಗಂಡನನ್ನು ನೋಡಿದರು. ಮಾಸ್ತರರ ಮುಖ ಬಾಡಿಹೋಗಿತ್ತು. "ಹಾಂ, ಇದೇ. ಬರಾಬರ," ಎಂದರು. ಮಾಸ್ತರರು ಒಂದು ಸಾಲು ನುಡಿಸಿ ಕಣ್ಣೊರೆಸಿಕೊಂಡರು. ಗೌರಮ್ಮನವರು ನನ್ನ ಹೆಂಡತಿಯಿಂದ ಕುಂಕುಮ ಇಸಿದುಕೊಂಡು ಇಪ್ಪತ್ತಮೂರು ಬೊಟ್ಟು ಹೊಸದಾಗಿ ಇಟ್ಟರು.

ಮಾಸ್ತರರು ಆಟೋ ನೋಡಲು ಹೊರಗೆ ಹೋದಾಗ ಗೌರಮ್ಮನವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಮೊದಲಿನ ಸನಾದಿ ಅಲ್ರೀ ಇದು. ಅದು ಹೋತು. ಆದ್ರ ಅವ್ರಿಗಿ ಹೇಳಬ್ಯಾಡ್ರಿ, ಸೋಮವಾರ ನುಡಸಬೇಕು."

ಅಷ್ಟರಲ್ಲಿ ಮಾಸ್ತರರು ಒಳಗೆ ಬಂದು, "ನನ್ನ ಸನಾದಿ ಉಳಸಿದ್ರಿ ಅಯ್ನೋರ," ಎಂದು ಬಗ್ಗಿ ನನ್ನ ಪಾದ ಮುಟ್ಟಿದರು. ಅವರ ಬೆನ್ನ ಹಿಂದೆ ಗೌರಮ್ಮನವರು ಕೈಯಲ್ಲಿ ಕುಂಕುಮದ ಭರಣಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಕಾಲು ಹಿಂದೆಳೆದುಕೊಳ್ಳೋಣ ಎಂದುಕೊಂಡೆ. ಆದರೆ ಮನೆತನದ ಅಭ್ಯಾಸ ನೋಡಿ, ಕೈ ತಾನಾಗಿ ಎದ್ದು ಅವರ ತಲೆಯ ಮೇಲೆ ಕೂತು ಆಶೀರ್ವಾದ ಮಾಡಿಬಿಟ್ಟಿತು.